ನಂದಿಬೆಟ್ಟದ ಕೆಂಪು ವೈನ್ ಮತ್ತು ಕಾಳುಮೆಣಸಿನ ಮಟನ್

ಸಾವಿರ ರೂಪಾಯಿ ಆಸುಪಾಸಿನ ಕೆಂಪು ವೈನ್ ನಮ್ಮ ಊಟಕ್ಕೆ ಹೊಂದಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಒಣಮೆಣಸಿನಕಾಯಿ ಕಡಿಮೆ ಮಾಡಿ ಕಾಳುಮೆಣಸು ಜಾಸ್ತಿ ಹಾಕಿದರೆ ಸಾಕು, ಚೆನ್ನಾಗಿ ಹೊಂದುತ್ತದೆ.

ನಾನು ಹೆಚ್ಚಾಗಿ ತರುವುದು ನಂದಿಬೆಟ್ಟದ ಕಡೆಯ ಗ್ರೋವರ್ ಜಂಪಾದವರ ಕ್ಯಾಬರ್ನೆ ಶಿರಾಜ್, ಅಂದರೆ ಆ ಹೆಸರಿನ ಎರಡು ಜಾತಿ ದ್ರಾಕ್ಷಿ ಸೇರಿಸಿ ಮಾಡಿದ ವೈನ್. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಕುಡಿದು ರೂಢಿ ಇದ್ದವರಿಗೆ ಇದು ಮೊದಲ ಗುಟುಕಿಗೆ ಒಗರು ಅನ್ನಿಸುತ್ತದೆ. ಸಿಹಿ ಇಲ್ಲ, ನೇರಳೆ ಹಣ್ಣು ತಿಂದಾಗ ಹಿಡಿದುಕೊಳ್ಳುವ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತದೆ.

ಕುಡಿಯುವ ಮುಂಚೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ. ಕೆಂಪು ವೈನ್ ರೂಮಿನ ಬಿಸಿಯಲ್ಲೇ ಇರಬೇಕು ಅನ್ನುವುದು ಚಳಿ ದೇಶದ ಹಳೇ ಮಾತು, ಆಗ ಅಲ್ಲಿ ರೂಮು ಅಂದರೆ 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹಾಗೇ ಸುರಿದರೆ ಆಲ್ಕೋಹಾಲ್ ಘಾಟು ಮೂಗಿಗೆ ಹೊಡೆದು ಹಣ್ಣಿನ ವಾಸನೆಯೇ ಸಿಗಲ್ಲ. ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ, ಸ್ವಲ್ಪ ತಿರುಗಿಸಿ, ಮೊದಲು ಮೂಸುತ್ತೇನೆ. ಆಮೇಲೆ ಸಣ್ಣ ಗುಟುಕು, ಬಾಯಲ್ಲಿ ಎರಡು ಕ್ಷಣ ಇಟ್ಟುಕೊಂಡು ನುಂಗುವುದು.

ಆ ಒಗರು ಬರುವುದು ದ್ರಾಕ್ಷಿ ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್‌ನಿಂದ. ಅದು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಬಾಯಲ್ಲಿ ಕೊಬ್ಬಿರುವ ಮಾಂಸ ಇದ್ದರೆ ಅದರ ಹಿಡಿತ ಸಡಿಲವಾಗುತ್ತದೆ, ವೈನ್ ಮೆತ್ತಗಾಗುತ್ತದೆ. ಹಾಗಾಗಿ ನಾನು ಮಾಡುವುದು ಮಟನ್ ಪೆಪ್ಪರ್ ಫ್ರೈ. ಶುಂಠಿ, ಬೆಳ್ಳುಳ್ಳಿ, ಕರಿಬೇವು, ಕೊನೆಗೆ ಆಗಷ್ಟೇ ತರಿತರಿಯಾಗಿ ಕುಟ್ಟಿದ ಕಾಳುಮೆಣಸು. ಇದು ಸುಮ್ನೆ ನನ್ನ ರುಚಿ ಅಲ್ಲ. ಶಿರಾಜ್‌ನಲ್ಲಿ ಮೆಣಸಿನ ಘಮ ಕೊಡುವ ರೊಟಂಡೋನ್ ಅನ್ನುವ ಅಂಶವೇ ಕಾಳುಮೆಣಸಿನಲ್ಲೂ ಇದೆ, ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಒಂದು ತುಂಡು ತಿಂದು ಒಂದು ಗುಟುಕು ಕುಡಿದರೆ ಎರಡರ ಘಮವೂ ಎದ್ದು ಬರುತ್ತದೆ, ನನಗಂತೂ ಆ ಕ್ಷಣ ತುಂಬಾ ಇಷ್ಟ. ಕೊಡಗಿನ ಪಂದಿ ಕರಿ ಕೂಡ ಇದೇ ಕಾರಣಕ್ಕೆ ಸೊಗಸು. ಜೊತೆಗೆ ಅದಕ್ಕೆ ಹಾಕುವ ಕಾಚಂಪುಳಿಯ (ಕೊಡಗಿನ ಕಪ್ಪು ವಿನೆಗರ್) ಹುಳಿ ಮುಂದೆ ವೈನಿನ ಹುಳಿ ತಗ್ಗಿದ ಹಾಗೆ ಕಾಣುತ್ತದೆ.

ಗುಂಟೂರು ಮೆಣಸಿನಕಾಯಿ ಹಾಕಿದ ಸಾರಿಗೆ ಮಾತ್ರ ಬೇಡ. ಆಲ್ಕೋಹಾಲ್ ಆ ಉರಿಯನ್ನು ಇನ್ನೂ ಏರಿಸುತ್ತದೆ, ವೈನ್ ಕಹಿ ಅನ್ನಿಸುತ್ತದೆ.

ಮಾಂಸ ತಿನ್ನದವರು ಬಂದರೆ ಎಣ್ಣೆಗಾಯಿ ಮಾಡುತ್ತೇನೆ. ಕಡಲೆಬೀಜ, ಎಳ್ಳಿನ ಜಿಡ್ಡು ಒಗರನ್ನು ಚೆನ್ನಾಗಿ ತಗ್ಗಿಸುತ್ತದೆ, ಖಾರಕ್ಕೆ ಬ್ಯಾಡಗಿ ಮಾತ್ರ ಹಾಕಬೇಕು, ಅದರಲ್ಲಿ ಬಣ್ಣ ಜಾಸ್ತಿ ಉರಿ ಕಡಿಮೆ ಅಲ್ವಾ. ಬಂಗುಡೆ ಫ್ರೈ ಜೊತೆ ಕೊಡಬೇಡಿ, ವೈನಿನಲ್ಲಿರುವ ಕಬ್ಬಿಣದ ಅಂಶಕ್ಕೂ ಮೀನಿನ ಎಣ್ಣೆಗೂ ಸೇರಿ ಕೆಟ್ಟ ಮೀನುವಾಸನೆ ಬಾಯಲ್ಲಿ ಉಳಿಯುತ್ತದೆ. ಹೋಳಿಗೆ ಜೊತೆಗೂ ಬೇಡ, ಸಿಹಿ ತಿಂದ ಮೇಲೆ ಈ ವೈನ್ ಬರೀ ಹುಳಿ.

ಉಳಿದಿದ್ದಕ್ಕೆ ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿ ನಿಲ್ಲಿಸಿಡುತ್ತೇನೆ. ಎರಡು, ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಹಣ್ಣಿನ ವಾಸನೆ ಮಂಕಾಗುತ್ತದೆ, ಅದನ್ನು ಅಡುಗೆಗೆ ಬಳಸುತ್ತೇನೆ.