ಇಮೇಲ್ ಪಟ್ಟಿಯಲ್ಲಿ ಅಡಗಿರುವ ಬೋನು: ಸ್ಪ್ಯಾಮ್ ಟ್ರ್ಯಾಪ್ ತಪ್ಪಿಸುವ ಬಗೆ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಗಲ್ಲಾ ಪಕ್ಕ ಒಂದು ರಿಜಿಸ್ಟರ್ ಇರುತ್ತದೆ ಎನ್ನಿ. ಗಿರಾಕಿಗಳು ಅದರಲ್ಲಿ ಹೆಸರು, ಮೊಬೈಲು, ಇಮೇಲ್ ಗೀಚಿ ಹೋಗುತ್ತಾರೆ. ಆಫರ್ ಮೇಲ್ ಕಳಿಸಲೆಂದು ರಾತ್ರಿ ಯಾರೋ ಕೂತು ಅವನ್ನು ಎಕ್ಸೆಲ್‌ಗೆ ಏರಿಸುತ್ತಾರೆ. ಬೋನಿಗೆ, ಅಂದರೆ ಸ್ಪ್ಯಾಮ್ (ಬೇಡದ ಮೇಲ್) ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ವಿಳಾಸವಾದ ಸ್ಪ್ಯಾಮ್ ಟ್ರ್ಯಾಪ್‌ಗೆ, ಬೀಳುವುದು ಇಲ್ಲೇ. ಕೈಬರಹದಲ್ಲಿ ಆರ್ ಮತ್ತು ಎನ್ ಕೂಡಿ ಎಮ್ ಆಗುತ್ತದೆ, ಸೊನ್ನೆ ಓ ಆಗುತ್ತದೆ, ಜಿಮೇಲ್ ಕಾಗುಣಿತದ ಎ-ಐ ಹಿಂದುಮುಂದಾಗುತ್ತವೆ, ಡಾಟ್ ಕಾಮ್‌ನ ಕೊನೆಯ ಅಕ್ಷರ ಬಿಟ್ಟುಹೋಗುತ್ತದೆ. ಇಂಥ ತಪ್ಪು ಡೊಮೇನ್‌ಗಳಲ್ಲಿ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಕೆಲವನ್ನು ಸ್ಪ್ಯಾಮ್ ಹಿಡಿಯುವವರೇ ಇಟ್ಟುಕೊಂಡಿರುತ್ತಾರೆ. ಮೇಲ್ ಅಲ್ಲಿ ಬೌನ್ಸ್ ಆಗದೆ (ವಾಪಸು ಬಾರದೆ) ಸದ್ದಿಲ್ಲದೆ ಒಳಹೋಗುತ್ತದೆ, ನಿಮ್ಮ ಡೊಮೇನ್ ಮೇಲೆ ಒಂದು ಕಪ್ಪು ಗುರುತು ಬೀಳುತ್ತದೆ.

ಇನ್ನೆರಡು ಬಗೆಯ ಟ್ರ್ಯಾಪ್ ಇವೆ. ಒಂದು, ಯಾರೂ ಎಂದೂ ಬಳಸದ ವಿಳಾಸ. ಅದನ್ನು ವೆಬ್ ಪುಟಗಳಲ್ಲಿ ಬಚ್ಚಿಟ್ಟಿರುತ್ತಾರೆ, ಸಾಫ್ಟ್‌ವೇರ್ ಹಾಕಿ ವಿಳಾಸ ಬಾಚುವವರಿಗೆ ಮಾತ್ರ ಸಿಗುತ್ತದೆ. ಇನ್ನೊಂದು, ಒಂದು ಕಾಲಕ್ಕೆ ನಿಜವಾಗಿದ್ದ ವಿಳಾಸ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರು ಎಕ್ಸಿಬಿಷನ್‌ನಲ್ಲಿ ಕೂಡಿಹಾಕಿದ ಹಳೆಯ ವಿಸಿಟಿಂಗ್ ಕಾರ್ಡುಗಳಲ್ಲಿ ಈ ಅಪಾಯ ಹೆಚ್ಚು: ಪರ್ಚೇಸ್ ಮ್ಯಾನೇಜರ್ ಕೆಲಸ ಬಿಟ್ಟಿರಬಹುದು, ಕಂಪನಿಯೇ ಮುಚ್ಚಿ ಡೊಮೇನ್ ಬೇರೆಯವರ ಕೈಸೇರಿರಬಹುದು. ಇಂಥ ವಿಳಾಸ ಸಾಮಾನ್ಯವಾಗಿ ಕೆಲವು ತಿಂಗಳು 'ಇಂಥವರು ಇಲ್ಲಿಲ್ಲ' ಎಂದು ಮೇಲ್ ವಾಪಸು ಮಾಡಿ, ಆಮೇಲೆ ಟ್ರ್ಯಾಪ್ ಆಗಿ ತೆರೆದುಕೊಳ್ಳುತ್ತದೆ. ಆಗಲೂ ನೀವು ಕಳಿಸುತ್ತಿದ್ದರೆ ಬೌನ್ಸ್ ನೋಡುವ ರೂಢಿ ನಿಮಗಿಲ್ಲ ಎಂದೇ ಅರ್ಥ.

ಟ್ರ್ಯಾಪ್ ಹುಡುಕಿ ಹೆಕ್ಕಲು ಹೊರಡಬೇಡಿ. ಪಟ್ಟಿ ಶುಚಿ ಮಾಡಿಕೊಡುವ ಸೇವೆಗಳು ಸತ್ತ ವಿಳಾಸ, ಕಾಗುಣಿತದ ತಪ್ಪು ಹಿಡಿದಾವು; ಟ್ರ್ಯಾಪ್ ಮಾತ್ರ ಜೀವಂತ ವಿಳಾಸದ ಹಾಗೇ ಕಾಣುತ್ತದೆ. ಬಿಗಿ ಇರಬೇಕಾದದ್ದು ಸೇರಿಸುವಾಗ. ಗಿರಾಕಿ ಸೀರೆ ಮಡಿಸಿಸಿಕೊಳ್ಳುತ್ತಿರುವಾಗಲೇ ವಿಳಾಸ ಟೈಪ್ ಮಾಡಿ ಖಾತ್ರಿ ಲಿಂಕ್ ಕಳಿಸಿ. "ಮೇಲ್ ಬಂತೇನ್ರಿ? ಅದರಾಗಿನ ಲಿಂಕ್ ಒಂದ್ಸಲ ಒತ್ತಿಬಿಡ್ರಿ" ಅಂದರೆ ಸಾಕು. ಒತ್ತದವರ ವಿಳಾಸ ಪಟ್ಟಿಗೆ ಬರಬಾರದು. ವೆಬ್‌ಸೈಟಿನ ಫಾರ್ಮ್‌ಗೂ ಇದೇ ನಿಯಮ, ಜೊತೆಗೆ ಕ್ಯಾಪ್ಚಾ (ತುಂಬುತ್ತಿರುವುದು ಮನುಷ್ಯರೇ ಎಂದು ಖಾತ್ರಿ ಮಾಡುವ ಪರೀಕ್ಷೆ) ಇರಲಿ. ಇಲ್ಲದಿದ್ದರೆ ಬಾಟ್‌ಗಳು ಕಂಡ ಕಂಡ ವಿಳಾಸ ತುಂಬುತ್ತವೆ. ವಾಟ್ಸ್ಯಾಪ್‌ನಲ್ಲಿ ಮಾರಾಟಕ್ಕೆ ಬರುವ ರೆಡಿಮೇಡ್ ಪಟ್ಟಿಗಳನ್ನು ಪುಕ್ಕಟೆ ಕೊಟ್ಟರೂ ಬೇಡ. ಪ್ರತಿ ವಿಳಾಸದ ಮುಂದೆ ಎರಡು ಕಾಲಂ ಕಡ್ಡಾಯ: ಎಲ್ಲಿಂದ ಬಂತು, ಯಾವ ತಾರೀಖು. ಇವು ಯಾಕೆ ಬೇಕು ಎಂಬುದು ಕೆಟ್ಟ ದಿನ ಬಂದಾಗ ತಿಳಿಯುತ್ತದೆ.

ವಾಪಸು ಬಂದ ಮೇಲ್‌ನಲ್ಲಿ ಬೌನ್ಸ್ ಕೋಡ್ 5.1.1 (ಇಂಥ ವಿಳಾಸವೇ ಇಲ್ಲ) ಬಂದರೆ ಮೊದಲ ಸಲಕ್ಕೇ ಕಿತ್ತುಹಾಕಿ. 4ರಿಂದ ಶುರುವಾಗುವವು ತಾತ್ಕಾಲಿಕ. ಮೂರ್ನಾಲ್ಕು ಸುತ್ತು ಕಳಿಸಿದರೂ ಅದೇ ಬಂದರೆ ತೆಗೆಯಿರಿ.

ಹೆಚ್ಚಿನ ಅನಾಹುತ ಆಗುವುದು ವರ್ಷವಿಡೀ ಸುಮ್ಮನಿದ್ದು ದೀಪಾವಳಿಗೆ ಇಡೀ ಪಟ್ಟಿಗೆ ಒಮ್ಮೆಲೇ ಕಳಿಸಿದಾಗ. 6,000 ವಿಳಾಸ ಇವೆ ಎಂದುಕೊಳ್ಳಿ. ಕಳೆದ 90 ದಿನಗಳಲ್ಲಿ ಖರೀದಿಸಿದವರು, ಲಿಂಕ್ ಒತ್ತಿದವರು ಮೊದಲು, ಅದೂ ದಿನಕ್ಕೆ 300ರಂತೆ. ಬೌನ್ಸ್, ದೂರು ಏರದಿದ್ದರೆ 600. ಆಮೇಲೆ 180 ದಿನದವರು. ವರ್ಷದಿಂದ ಸುಳಿವೇ ಇಲ್ಲದವರಿಗೆ 'ಮುಂದುವರಿಸಬೇಕೆ?' ಎಂಬ ಒಂದೇ ಮೇಲ್, ಉತ್ತರವಿಲ್ಲದಿದ್ದರೆ ಕೈಬಿಡಿ. ಮೂರು-ನಾಲ್ಕು ವರ್ಷ ಮುಟ್ಟದ ವಿಳಾಸಗಳಿಗೆ ಅದೂ ಬೇಡ. ಮೇಲ್ 'ತೆರೆದರು' ಎಂಬ ಲೆಕ್ಕ ನಂಬಬೇಡಿ; 2021ರಿಂದ ಆಪಲ್ ಮೇಲ್ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುವುದರಿಂದ ಓದದಿದ್ದರೂ ತೆರೆದಂತೆ ಕಾಣುತ್ತದೆ.

ಡೊಮೇನ್ ಸೆಟ್ಟಿಂಗ್ ಒಂದು ಮಧ್ಯಾಹ್ನದ ಕೆಲಸ. ಎಸ್‌ಪಿಎಫ್ ದಾಖಲೆ, ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂಬ ಪಟ್ಟಿ, ಒಂದೇ ಇರಬೇಕು, ಅದರ ಡಿಎನ್‌ಎಸ್ (ಇಂಟರ್ನೆಟ್ಟಿನ ವಿಳಾಸ ಪುಸ್ತಕ) ಹುಡುಕಾಟ 10 ಮೀರಬಾರದು. ಡಿಕಿಮ್ (ಮೇಲ್ ನಿಮ್ಮದೇ ಎಂದು ತೋರುವ ಡಿಜಿಟಲ್ ಸಹಿ) ಕೀ 2048 ಬಿಟ್ ಇರಲಿ. ಈ ಎರಡು ಪರೀಕ್ಷೆಯಲ್ಲಿ ಬಿದ್ದ ಮೇಲ್‌ಗೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಅನ್ನು 'ನನ್' (none, ಏನೂ ತಡೆಯಬೇಡಿ) ನೀತಿಯಿಂದ ಶುರುಮಾಡಿ. ಬಲ್ಕ್ ಸಾಫ್ಟ್‌ವೇರ್‌ನಲ್ಲಿ ಕಳಿಸುವವರ ಜಾಗಕ್ಕೆ ನಿಮ್ಮ ಜಿಮೇಲ್ ವಿಳಾಸ ಹಾಕಬೇಡಿ, ಡಿಮಾರ್ಕ್ ಪರೀಕ್ಷೆಯಲ್ಲಿ ಅದು ಬೀಳುತ್ತದೆ. ಜಿಮೇಲ್‌ಗೆ ದಿನಕ್ಕೆ 5,000 ಮೀರಿ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಈ ಮೂರೂ ಕಡ್ಡಾಯ. ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗುವ ಸೌಲಭ್ಯವನ್ನೂ ಗೂಗಲ್ ಅದರ ಜೊತೆಗೇ ಕೇಳುತ್ತದೆ. ಕಡಿಮೆ ಕಳಿಸುವವರೂ ಮಾಡಿಕೊಳ್ಳುವುದೇ ಲೇಸು. ಸ್ಪ್ಯಾಮ್ ದೂರು 0.1 ಶೇಕಡದ ಒಳಗಿರಲಿ, 0.3 ಮುಟ್ಟಲೇಬಾರದು. ಅಂದರೆ ಇನ್‌ಬಾಕ್ಸ್ ತಲುಪಿದ 1,000 ಮೇಲ್‌ಗೆ ಮೂವರು ಸಿಟ್ಟಿಗೆದ್ದು 'ಸ್ಪ್ಯಾಮ್' ಒತ್ತಿದರೂ ಕೆಟ್ಟಿತು. ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಡೊಮೇನ್ ಸೇರಿಸಿದರೆ ಈ ಲೆಕ್ಕ ಸಿಗುತ್ತದೆ. ಕಳಿಸುವ ಪ್ರಮಾಣ ತೀರಾ ಕಡಿಮೆಯಿದ್ದರೆ ಅಂಕಿಗಳು ಕಾಣುವುದಿಲ್ಲ.

ಅಷ್ಟಾದರೂ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗೆ (ಮೇಲ್ ಸೇವೆಗಳು ನೋಡಿ ಮೇಲ್ ತಡೆಯುವ ಪಟ್ಟಿ) ನಿಮ್ಮ ಡೊಮೇನ್ ಹೆಸರು ಬಿದ್ದರೆ, ಬಿಲ್ಲು, ಕೊಟೇಶನ್‌ಗಳೂ ಗಿರಾಕಿಗೆ ತಲುಪದೆ ಹೋಗಬಹುದು. ಆಫರ್ ಮೇಲ್ ಕೂಡಲೇ ನಿಲ್ಲಿಸಿ. ಸಿಕ್ಕಿಬಿದ್ದ ವಿಳಾಸ ಯಾವುದೆಂದು ಟ್ರ್ಯಾಪ್ ಇಟ್ಟವರು ಹೇಳುವುದಿಲ್ಲ, ಹೇಳಿದರೆ ನೀವು ಅದೊಂದನ್ನೇ ಕಿತ್ತು ಮುಂದುವರಿಯುತ್ತೀರಿ. ಆ ಎರಡು ಕಾಲಂ ಈಗ ಕೆಲಸಕ್ಕೆ ಬರುತ್ತವೆ: ತೊಂದರೆಗೆ ಸ್ವಲ್ಪ ಮೊದಲು ಯಾವ ಮೂಲದಿಂದ ಹೊಸ ಕಂತು ಬಂತು ನೋಡಿ, ಆ ಕಂತನ್ನೇ ಪೂರ್ತಿ ತೆಗೆಯಿರಿ. ಏನು ಸರಿಪಡಿಸಿದಿರಿ ಎಂಬುದನ್ನು ಬರೆದು ಹೆಸರು ತೆಗೆಯಲು ಕೇಳಿ. ಸ್ಪ್ಯಾಮ್‌ಹೌಸ್ ಇದಕ್ಕೆ ದುಡ್ಡು ಕೇಳುವುದಿಲ್ಲ. ಹಣ ಕೊಟ್ಟರೆ ತೆಗೆಸಿಕೊಡುತ್ತೇವೆ ಎಂದು ಫೋನ್ ಬಂದರೆ ಇಟ್ಟುಬಿಡಿ. ಹೆಸರು ಹೋದ ಮೇಲೂ ಎರಡು-ಮೂರು ವಾರ 90 ದಿನದ ಗಿರಾಕಿಗಳಿಗೆ ಮಾತ್ರ ಕಳಿಸಿ.