ಒಂದೂವರೆ ಕೇಜಿ ತೊಗರಿಬೇಳೆಯ ಲೆಕ್ಕ

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ನಾನು ಅಕೌಂಟೆಂಟ್. 24 ಜನರ ಸಂಬಳ, ಪಿಎಫ್, ಇಎಸ್‌ಐ, ಟಿಡಿಎಸ್ ಎಲ್ಲ ನನ್ನ ತಲೆಮೇಲೆ. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು (ಹೊಸ ಕಾರ್ಮಿಕ ಕಾನೂನುಗಳು) ಜಾರಿಯಾದವು. ಮಾರನೇ ದಿನದಿಂದಲೇ ‘ಸಂಬಳ ಅರ್ಧ ಪಿಎಫ್‌ಗೆ ಹೋಗುತ್ತಂತೆ’ ಅನ್ನೋ ವಾಟ್ಸಾಪ್ ಸಂದೇಶ ಶಾಪ್ ತುಂಬಾ ಓಡಾಡತೊಡಗಿತು. ಗದಗ ಕಡೆಯ ನಮ್ಮ ಲೇತ್ ಆಪರೇಟರ್ ಮಧ್ಯಾಹ್ನದ ಊಟ ಬಿಟ್ಟು ನನ್ನ ಟೇಬಲ್ ಹತ್ತಿರ ಬಂದು ನಿಂತರು. “ಕೈಗ್ ಬರೋ ರೊಕ್ಕ ಕಮ್ಮಿ ಆಗ್ತೈತೇನ್ರಿ ಮೇಡಂ?”

ಅವರ ಸ್ಲಿಪ್ಪನ್ನೇ ಎದುರಿಗೆ ಇಟ್ಟುಕೊಂಡೆ. ಒಟ್ಟು 30,000. ಅದರಲ್ಲಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) 13,500. ಮನೆ ಬಾಡಿಗೆ, ಕನ್ವೇಯನ್ಸ್ ಇತ್ಯಾದಿ 16,500. (ಸ್ಪೆಷಲ್ ಅಲೋಯನ್ಸ್ ಅಂತ ಒಂದು ಮೂಟೆ ಮೊದಲು ಇತ್ತು. ಎಲ್ಲರಿಗೂ ಒಂದೇ ಥರ ಕೊಡುವ ಭತ್ಯೆಗೂ ಪಿಎಫ್ ಕಟ್ಟಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದನ್ನು ಬೇಸಿಕ್‌ಗೇ ಸೇರಿಸಿದ್ದೆವು.) ಸಂಹಿತೆಗಳು ಕೊಟ್ಟ ‘ವೇತನ’ದ ಹೊಸ ವ್ಯಾಖ್ಯೆಯ ಪ್ರಕಾರ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟೂ ವೇತನವೇ. ಮಾಲೀಕರ ಪಾಲಿನ ಪಿಎಫ್ಫೂ ಈ ಅರ್ಧದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅವರ ವೇತನ 15,000 ದಾಟಿತು. ಆದರೆ ಪಿಎಫ್ ಹಿಡಿಯುವ ವೇತನದ ಮಿತಿ 2014ರಿಂದ ಇರುವ 15,000ವೇ. ಅಂದರೆ ಶೇ 12ರಂತೆ ಇದುವರೆಗೆ 1,620 ಕಡಿತ ಆಗುತ್ತಿದ್ದದ್ದು 1,800 ಆಯಿತು. ವ್ಯತ್ಯಾಸ 180 ರೂಪಾಯಿ.

“ಒಂದೂವರಿ ಕೇಜಿ ತೊಗರಿಬ್ಯಾಳಿ ಹೋತು,” ಅಂದರು. ಆಮೇಲೆ ಕಂಪನಿಯೂ 180 ಹೆಚ್ಚು ಕಟ್ಟುತ್ತೆ, ಅದರ 1,800ರಲ್ಲಿ 1,250 ಪೆನ್ಷನ್‌ಗೆ, ಉಳಿದ 550 ನಿಮ್ಮ ಖಾತೆಗೆ ಅಂತ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಊಟಕ್ಕೆ ಹೋದರು.

ನಮ್ಮ ಸಾಹೇಬರಿಗೆ ಬೇರೆ ಚಿಂತೆ. ಅವರಿಗೂ ಒಂದು ಹಾಳೆ ಮಾಡಿದೆ. ಇಂಥದ್ದೇ ಸ್ಲಿಪ್ ಇರುವವರು 14 ಜನ. ಆಡಳಿತ ಶುಲ್ಕ, ವಿಮೆ ಸೇರಿ ತಲಾ 195, ತಿಂಗಳಿಗೆ 2,730. “ಇಷ್ಟೇನಾ?” ಅಂದು ಟೀ ತರಿಸಿದರು. ಅಸಲಿ ಹೊಡೆತ ಗ್ರಾಚ್ಯುಯಿಟಿಯಲ್ಲಿದೆ ಸಾರ್ ಅಂದೆ. 11 ವರ್ಷ ದುಡಿದ ಒಬ್ಬರು ಬಿಟ್ಟು ಹೋಗುವಾಗ ಕೊಡಬೇಕಾದ ಆ ಇಡಿಗಂಟು ಹಳೆ ಲೆಕ್ಕದಲ್ಲಿ 85,673. ವೇತನವನ್ನು ಬರೀ 15,000 ಹಿಡಿದರೂ ಈಗ 95,192. ನಿಗದಿತ ಅವಧಿಗೆ ತೆಗೆದುಕೊಂಡವರಿಗಂತೂ ಐದು ವರ್ಷ ಕಾಯಬೇಕಿಲ್ಲ, ಒಂದೇ ವರ್ಷಕ್ಕೆ ಬರುತ್ತೆ. ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಕೊಟ್ಟು ಮುಗಿಸಬೇಕು. ಟೀ ತಣ್ಣಗಾಯಿತು.

ನಿಯಮಗಳು ಪೂರ್ತಿ ಬರಲಿ ಅಂತ ಅಕ್ಕಪಕ್ಕದ ಶೆಡ್ಡಿನವರು ಕಾದರು. ನಾನು ಡಿಸೆಂಬರ್ ಸಂಬಳದಿಂದಲೇ ಬದಲಿಸಿದೆ. ಕಾರಣ, ಒಮ್ಮೆ ಸುಟ್ಟುಕೊಂಡವಳು ನಾನು. 2023ರಲ್ಲಿ ಒಂದು ತಿಂಗಳು ಅಕ್ಕನ ಮಗಳ ಮದುವೆಗೆ ಹೋಗಿ, 15ಕ್ಕೆ ಕಟ್ಟಬೇಕಾದ ಪಿಎಫ್ ಚಲನ್ 17ಕ್ಕೆ ಕಟ್ಟಿದ್ದೆ. ಬಡ್ಡಿ, ದಂಡ ಸಣ್ಣದು. ಆದರೆ ಕಾರ್ಮಿಕರಿಂದ ಹಿಡಿದುಕೊಂಡ ಪಾಲು ತಡವಾದರೆ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಆ ತಿಂಗಳ 38,000 ಲಾಭದ ಲೆಕ್ಕಕ್ಕೆ ಸೇರಿ, ಪಾಲುದಾರಿಕೆ ಸಂಸ್ಥೆಯಾದ್ದರಿಂದ ಹತ್ತಿರ ಹತ್ತಿರ 12,000 ತೆರಿಗೆ ಬಿತ್ತು. ಎರಡೇ ದಿನಕ್ಕೆ! ಈಗ 10ನೇ ತಾರೀಖು ದಾಟಲು ಬಿಡುವುದಿಲ್ಲ.

ನಮ್ಮ ಸಿಎನ್‌ಸಿ ಪ್ರೋಗ್ರಾಮರ್ ತಕರಾರು ಬೇರೆ ದಿಕ್ಕಿನದು. ತಿಂಗಳಿಗೆ 90,000, ವರ್ಷಕ್ಕೆ 10.8 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ತೆರಿಗೆ ಸೊನ್ನೆ. “ಪಿಎಫ್ ಕಟ್ಟಿದ್ದಕ್ಕೆ ಸಿಗುತ್ತಿದ್ದ 80ಸಿ ತೆರಿಗೆ ವಿನಾಯಿತಿಯ ಪ್ರಯೋಜನವೇ ಇಲ್ಲ, ಮತ್ತೆ ನನ್ನ ಪಿಎಫ್ ಯಾಕೆ ಮೇಡಂ ಹಿಡೀತೀರಾ?” 2024-25ಕ್ಕೆ ಶೇ 8.25 ಬಡ್ಡಿ ಕೊಟ್ಟಿದ್ದಾರೆ, ಕಂಪನಿ ಹಾಕುವ ಪಾಲಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ ಅಂತ ಹೇಳಿದೆ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಸ್ಕೂಟರ್ ಸಾಲದ ಕಂತಿರುವ ಹುಡುಗ, ಅವನ ಸಂಕಟ ಅವನಿಗೆ.

ಜನವರಿಯಿಂದ ಸ್ಲಿಪ್ಪಿನ ಕೆಳಗೆ ‘ಕಂಪನಿ ಕಟ್ಟಿದ ಪಾಲು’ ಅಂತ ಕನ್ನಡದಲ್ಲಿ ಒಂದು ಸಾಲು ಸೇರಿಸಿದ್ದೇನೆ. ಲೇತ್ ಆಪರೇಟರ್ ಆ ಸಾಲಿನ ಮೇಲೆ ಎಣ್ಣೆ ಮೆತ್ತಿದ ಹೆಬ್ಬೆರಳಿಟ್ಟು ಎರಡು ಸಲ ಓದಿಕೊಂಡರು.