ಪಂಪ್‌ಸೆಟ್ ರಿಪೇರಿಗೆ ನನ್ನ ಈಕೋ ಸಜ್ಜಾದ ಬಗೆ

ತಿಪಟೂರು ಸುತ್ತಮುತ್ತಲ ತೆಂಗಿನ ತೋಟಗಳಲ್ಲಿ ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಹನ್ನೊಂದು ವರ್ಷ ಬೈಕಿನಲ್ಲೇ ಓಡಾಡಿದೆ. ಸುಟ್ಟ ಮೋಟರ್ ಸಾಗಿಸಲು ಪ್ರತಿ ಸಲ ಬಾಡಿಗೆ ಆಟೊ ಹುಡುಕಬೇಕಿತ್ತು. 2021ರಲ್ಲಿ ಸೆಕೆಂಡ್ ಹ್ಯಾಂಡ್ ಈಕೋ ಕಾರ್ಗೋ ಕೊಂಡೆ, ಮಾರುತಿ ಕಂಪನಿಯ ಸಾಮಾನು ಸಾಗಿಸುವ ವ್ಯಾನ್.

ಮಿನಿ ಲಾರಿ ಯಾಕೆ ತಗೊಳ್ಳಲಿಲ್ಲ ಅಂತ ಈಗಲೂ ಕೇಳುತ್ತಾರೆ. ಹೊಸದಾಗಿ ವೈಂಡಿಂಗ್ ಮಾಡಿದ ಮೋಟರ್ ಮಳೆಗೆ ನೆನೆಯಬಾರದು, ಅಲ್ವಾ? ಜೊತೆಗೆ ತೋಟದ ದಾರಿಯಲ್ಲಿ ಎರಡೂ ಕಡೆ ಬೇಲಿ. ಪಕ್ಕಕ್ಕೆ ಜಾರುವ ಬಾಗಿಲು ಅಲ್ಲಿ ದೊಡ್ಡ ಅನುಕೂಲ. ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಹಾಗಾಗಿ ಗಾಡಿ ಹನ್ನೆರಡೇ ಅಡಿ ಉದ್ದವಿದ್ದರೂ ಹಿಂದೆ ಜಾಗ ಜಾಸ್ತಿ.

ತಪ್ಪು ಮಾಡಿದ್ದು ಮೊದಲ ವಾರವೇ. ಎರಡೂ ಬದಿಗೆ, ನೆಲದಿಂದ ಚಾವಣಿವರೆಗೆ ಪ್ಲೈವುಡ್ ಕಪಾಟು ಮಾಡಿಸಿದೆ. ನೋಡಲು ಅಂಗಡಿಯಂತೆ ಚೆನ್ನಾಗಿತ್ತು. ಆದರೆ ಎಡಗಡೆಯ ಬಾಗಿಲು ಇದ್ದೂ ಇಲ್ಲದಂತಾಯಿತು. ಧೂಳು ಕೂತು ಡ್ರಾಯರ್‌ಗಳು ಬಿಗಿದುಕೊಂಡವು. ಭಾರವೆಲ್ಲ ಮೇಲೆ ಸೇರಿ, ತಿರುವಿನಲ್ಲಿ ಗಾಡಿ ವಾಲುವುದು ಕೈಗೇ ಗೊತ್ತಾಗುತ್ತಿತ್ತು. ಒಂದು ದಿನ ಹಂಪ್ ಕಾಣದೆ ಜೋರಾಗಿ ಬ್ರೇಕ್ ಒತ್ತಿದೆ. ನೆಲದ ಮೇಲೆ ಸುಮ್ನೆ ಇಟ್ಟಿದ್ದ 5 ಎಚ್‌ಪಿ ಮಾನೋಬ್ಲಾಕ್ (ಮೋಟರ್, ಪಂಪ್ ಒಂದೇ ಆಗಿರುವ ಸೆಟ್) ಜಾರಿ ಬಂದು ಎಡಸೀಟಿನ ಬೆನ್ನಿಗೆ ಗುದ್ದಿತು. ಅಲ್ಲಿ ಕೂತಿದ್ದವಳು ನನ್ನ ಮಗಳು. ಪೆಟ್ಟಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕಪಾಟು ಕಿತ್ತು ಹಾಕಿದೆ. ಒಂದು ತಿಂಗಳು ಏನೂ ಕಟ್ಟಿಸಲಿಲ್ಲ. ಮೋಟರ್ ಹಗ್ಗದಲ್ಲಿ ಬಿಗಿದು, ಉಳಿದ ಸಾಮಾನು ಕೈ ಎಲ್ಲಿ ಇಡುತ್ತದೋ ಅಲ್ಲೇ ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ಮೋಟರ್ ಎತ್ತುವ ಚೈನ್ ಪುಲ್ಲಿ ಯಾವಾಗಲೂ ಹಿಂಬಾಗಿಲ ಬಳಿ. ಮೆಗ್ಗರ್ (ವೈಂಡಿಂಗ್‌ನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಮತ್ತು ಸ್ಪ್ಯಾನರ್ ಎಡ ಬಾಗಿಲಿಗೆ ಹತ್ತಿರ. ಆ ಗುರುತುಗಳೇ ನನ್ನ ನಕ್ಷೆಯಾದವು.

ಈಗಿರುವುದು ಒಂದಿಂಚು ಚೌಕ ಪೈಪಿನ ಫ್ರೇಮ್. ಬಲಬದಿಗೆ ಮಾತ್ರ, ಸೊಂಟದ ಎತ್ತರಕ್ಕೆ. ಸೀಟುಗಳ ಹಿಂದೆ ಗಟ್ಟಿ ಕಬ್ಬಿಣದ ಜಾಲರಿ. ಮಾನೋಬ್ಲಾಕ್ ಜಾಗ ಅದಕ್ಕೆ ಒತ್ತಿಕೊಂಡೇ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಜಾರಲು ಎಡೆಯೇ ಇಲ್ಲ. ಸಬ್‌ಮರ್ಸಿಬಲ್ ಮೋಟರ್ ಮಲಗಿಸಲು ಹಳೆ ಟಯರ್ ಕತ್ತರಿಸಿ ತೊಟ್ಟಿಲು ಮಾಡಿದ್ದೇನೆ. ಅದನ್ನು ಬಿಗಿಯಲು ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿಗಳು. ನೆಲಕ್ಕೆ ಕೊಟ್ಟಿಗೆಯಲ್ಲಿ ಹಸುವಿಗೆ ಹಾಸುವ ರಬ್ಬರ್ ಮ್ಯಾಟ್. ಎಣ್ಣೆ ಬಿದ್ದರೆ ಎಳೆದು ತೊಳೆಯಬಹುದು.

ನೆಲಕ್ಕೆ ತೂತು ಕೊರೆಯುವ ಮುಂಚೆ ಗಾಡಿ ಕೆಳಗೆ ಮಲಗಿ ನೋಡಲೇಬೇಕು. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಾ ಅಲ್ಲೇ ಇವೆ. ಕೊರೆದ ಅಂಚಿಗೆ ತುಕ್ಕು ಹಿಡಿಯದಂತೆ ಎರಡು ಸಲ ರೆಡ್ ಆಕ್ಸೈಡ್ ಪೇಂಟ್ ಬಳಿದು, ಒಣಗಿದ ಮೇಲೆ ಬೋಲ್ಟ್ ಹಾಕಿದೆ. ಕೆಳಗೆ ಬರೀ ವಾಷರ್ ಸಾಲದು. ಅಂಗೈಯಗಲ ಕಬ್ಬಿಣದ ಪ್ಲೇಟ್ ಕೊಟ್ಟರೆ ತಗಡು ಹರಿಯುವುದಿಲ್ಲ.

ತ್ರೀ ಫೇಸ್ ರಾತ್ರಿ ಪಾಳಿಯಿದ್ದರೆ ಕರೆ ಬರುವುದೂ ರಾತ್ರಿಯೇ. ಅದಕ್ಕೆ ಒಳಗೆ 24 ವ್ಯಾಟ್ ಎಲ್‌ಇಡಿ ಪಟ್ಟಿ ಹಾಕಿದೆ. 12 ವೋಲ್ಟಿಗೆ ಅದು ಎಳೆಯುವುದು 2 ಆಂಪಿಯರ್. 5 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಕೊಟ್ಟೆ. ದೀಪದ ಹತ್ತಿರ ಕೊಟ್ಟರೆ, ನಡುವೆ ತಂತಿ ಉಜ್ಜಿ ಗಾಡಿಯ ತಗಡಿಗೆ ತಾಗಿದಾಗ ಆ ಫ್ಯೂಸ್ ಕೆಲಸಕ್ಕೆ ಬರುವುದಿಲ್ಲ.

ಚಾವಣಿ ಕತ್ತರಿಸಿ ಗಾಳಿಕಿಂಡಿ ಮಾಡಿಸು ಅಂದವರಿದ್ದರು. ನಾನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂಥದ್ದಕ್ಕೆ ಬಿಡುವುದಿಲ್ಲ. ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಕೂಡದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನನ್ನ ಫ್ರೇಮ್ ಬೋಲ್ಟ್ ಬಿಚ್ಚಿದರೆ ಹೊರಗೆ ಬರುತ್ತದೆ. ವೇಬ್ರಿಡ್ಜ್‌ನಲ್ಲಿ ಗಾಡಿ ತೂಗಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ (ಹೇರು ಸೇರಿ ಗಾಡಿ ಇರಬಹುದಾದ ತೂಕ) ಆ ತೂಕವನ್ನೂ ಕೂರುವ ಇಬ್ಬರ ತೂಕವನ್ನೂ ಕಳೆದೆ. ಉಳಿದ ಕೇಜಿ ಎಷ್ಟು ಅಂತ ಬಾಗಿಲ ಒಳಗೆ ಪೇಂಟಿನಲ್ಲಿ ಬರೆದಿದ್ದೇನೆ. ಹೇರುವವರಿಗೆ ಕಾಣಲಿ ಅಂತ.

ಮಗಳು ಈಗಲೂ ರಜಾ ದಿನ ಜೊತೆಗೆ ಬರುತ್ತಾಳೆ. ಹೊರಡುವ ಮುಂಚೆ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡುವುದು ಅವಳ ಕೆಲಸ. ಅವಳು "ಹೂಂ" ಅಂದ ಮೇಲೇ ಕೀ ತಿರುಗಿಸುತ್ತೇನೆ.